ಕೇಬಲ್ಲಿನ ಕೊನೆಯ ಮೂರು ಮಿಲಿಮೀಟರ್

ಡೇಟಾ ಸೆಂಟರಿನ ರ‍್ಯಾಕಿನಲ್ಲಿ ಸರ್ವರಿಗೂ ಸ್ವಿಚ್ಚಿಗೂ ನಡುವೆ ಓಡುವ ಗಿಡ್ಡ ತಾಮ್ರದ ಕೇಬಲ್ಲಿಗೆ ಡ್ಯಾಕ್ ಎಂದು ಹೆಸರು. ಎರಡು ತುದಿಗೆ ಲೋಹದ ಡಬ್ಬಿ, ಹಿಡಿದೆಳೆಯಲು ಪ್ಲಾಸ್ಟಿಕ್ ಪಟ್ಟಿ, ನಡುವೆ ಕಿರುಬೆರಳ ದಪ್ಪದ ಕರಿ ಕೇಬಲ್. ಇದರಲ್ಲಿ ಇಂಜಿನಿಯರಿಗೆ ಮಾಡಲು ಏನಿದೆ ಎಂಬ ಅನುಮಾನ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಬರುವುದು ಸಹಜ. ಡಬ್ಬಿಯ ಮುಚ್ಚಳ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಆ ಅನುಮಾನ ಅಲ್ಲೇ ಕರಗುತ್ತದೆ.

ಕ್ಯೂಎಸ್‌ಎಫ್‌ಪಿ ಎಂಬ ಮಾದರಿಯ, ನಾಲ್ಕು ಲೇನಿನ (ದತ್ತಾಂಶ ಓಡುವ ನಾಲ್ಕು ದಾರಿಗಳ) ಕೇಬಲ್ಲಿನೊಳಗೆ ಎಂಟು ತಂತಿಜೋಡಿಗಳಿರುತ್ತವೆ: ಕಳಿಸಲು ನಾಲ್ಕು, ಪಡೆಯಲು ನಾಲ್ಕು. ಒಂದೊಂದು ಜೋಡಿಯನ್ನೂ ಟ್ವಿನ್ಆಕ್ಸ್ ಎನ್ನುತ್ತಾರೆ. 30 ಗೇಜಿನದಾದರೆ ಬೆಳ್ಳಿ ಲೇಪಿಸಿದ ತಾಮ್ರದ ತಂತಿಯ ವ್ಯಾಸ 0.255 ಮಿಲಿಮೀಟರ್. ಅದರ ಸುತ್ತ ಸೆಟ್ ದೋಸೆಯ ಒಳಮೈಯಂತೆ ಗಾಳಿಗುಳ್ಳೆ ತುಂಬಿದ ಪ್ಲಾಸ್ಟಿಕ್ ಫೋಮ್. ಎರಡನ್ನೂ ಒಟ್ಟಿಗೆ ಸುತ್ತಿದ ಅಲ್ಯೂಮಿನಿಯಂ ಹಾಳೆ. ಹಾಳೆಗೆ ತಾಗಿಕೊಂಡು ಒಂದು ಬರಿಯ ಗ್ರೌಂಡ್ ತಂತಿ. ಈ ಜೋಡಿಗಳನ್ನೆಲ್ಲ 1 ಮಿಲಿಮೀಟರ್ ದಪ್ಪದ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡಿಗೆ, ಅಂದರೆ ಪ್ಯಾಡಲ್ ಕಾರ್ಡಿಗೆ, ಬೆಸುಗೆ ಹಾಕಿರುತ್ತಾರೆ. ಕಾರ್ಡಿನ ಇನ್ನೊಂದು ಅಂಚಿನಲ್ಲಿ 0.8 ಮಿಲಿಮೀಟರಿಗೊಂದರಂತೆ, ಮೇಲೆ 19, ಕೆಳಗೆ 19, ಒಟ್ಟು 38 ಚಿನ್ನದ ಪಟ್ಟಿಗಳು. ಸ್ವಿಚ್ಚಿನ ಕನೆಕ್ಟರು ಕಚ್ಚಿ ಹಿಡಿಯುವುದು ಇವನ್ನೇ. ತಂತಿ ತನ್ನ ಹೊದಿಕೆ ಬಿಟ್ಟು ಕಾರ್ಡಿಗೆ ಸೇರುವ ಕೊನೆಯ ಮೂರು ಮಿಲಿಮೀಟರ್ ಇದೆಯಲ್ಲ, ಈ ವೃತ್ತಿಯ ತಲೆನೋವಿನ ದೊಡ್ಡ ಪಾಲು ಅಲ್ಲೇ ಕೂತಿದೆ.

ಫೈಬರ್ ಇರುವಾಗ ತಾಮ್ರ ಯಾಕೆ? ಉತ್ತರ ಇರುವುದು ಕರೆಂಟಿನ ಲೆಕ್ಕದಲ್ಲಿ. ಬೆಳಕಿನ ಮಾಡ್ಯೂಲಿಗೆ ಲೇಸರ್ ಬೇಕು, ಅದನ್ನು ನಡೆಸುವ ಚಿಪ್ ಬೇಕು, ಎಲ್ಲದಕ್ಕೂ ಪವರ್ ಬೇಕು. ಪ್ಯಾಸಿವ್ ತಾಮ್ರದ ಕೇಬಲ್ಲಿನಲ್ಲಿ ಪವರ್ ಬೇಡುವುದು ಒಂದು ಪುಟ್ಟ ಮೆಮೊರಿ ಚಿಪ್ ಮಾತ್ರ. ಎನ್ವಿಡಿಯಾ 2024ರ ಮಾರ್ಚಿನಲ್ಲಿ ತೋರಿಸಿದ ಜಿಬಿ200 ಎನ್‌ವಿಎಲ್72 ರ‍್ಯಾಕಿನ ಬೆನ್ನಲ್ಲಿ 72 ಜಿಪಿಯುಗಳನ್ನು ಬೆಸೆಯಲು 5 ಸಾವಿರಕ್ಕೂ ಹೆಚ್ಚು ತಾಮ್ರದ ಕೇಬಲ್‌ಗಳಿವೆ. ಅಲ್ಲಿ ಫೈಬರ್ ಹಾಕಿದ್ದರೆ ಸಿಗ್ನಲ್ ಕಳಿಸಿ ಪಡೆಯುವ ಟ್ರಾನ್ಸೀವರು, ಅದನ್ನು ನಡುವೆ ತಿದ್ದಿ ಮತ್ತೆ ಕಳಿಸುವ ರೀಟೈಮರುಗಳಿಗೇ 20 ಕಿಲೋವ್ಯಾಟ್ ಬೇಕಾಗುತ್ತಿತ್ತು ಎಂದು ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಆಗ ಲೆಕ್ಕ ಕೊಟ್ಟಿದ್ದರು.

ಹಾಗೆಂದು ತಾಮ್ರವನ್ನು ಎಷ್ಟು ಬೇಕಾದರೂ ಎಳೆಯಲಾಗದು. ಲೇನಿಗೆ 25 ಗಿಗಾಬಿಟ್ ಓಡಿಸಿದ 2014ರ 802.3ಬಿಜೆ ಈಥರ್‌ನೆಟ್ ಮಾನಕ ತಾಮ್ರಕ್ಕೆ 5 ಮೀಟರ್ ಕೊಟ್ಟಿತ್ತು. 50 ಗಿಗಾಬಿಟ್ಟಿನ 2018ರ 802.3ಸಿಡಿಯಲ್ಲಿ ಅದು 3 ಮೀಟರಿಗೆ ಇಳಿಯಿತು. 100 ಗಿಗಾಬಿಟ್ಟಿನ 2022ರ 802.3ಸಿಕೆಯಲ್ಲಿ ಉಳಿದದ್ದು 2 ಮೀಟರ್.

ಯಾಕೆ ಹೀಗೆ ಎಂದು ತಿಳಿಯಲು ಮೂರು ಸಂಖ್ಯೆ ತಲೆಯಲ್ಲಿರಲಿ. 100 ಗಿಗಾಬಿಟ್ ಲೇನಿನಲ್ಲಿ ಸೆಕೆಂಡಿಗೆ 53.125 ಶತಕೋಟಿ ಸಂಕೇತಗಳು ಹೋಗುತ್ತವೆ. ಒಂದಕ್ಕೆ ಸಿಗುವ ಕಾಲ 18.8 ಪಿಕೋಸೆಕೆಂಡ್, ಅದರ ನೈಕ್ವಿಸ್ಟ್ ಆವರ್ತನ, ಅಂದರೆ ಸಂಕೇತಗಳ ವೇಗದ ಅರ್ಧ, 26.56 ಗಿಗಾಹರ್ಟ್ಸ್. ಪ್ರತಿ ಸಂಕೇತವೂ ನಾಲ್ಕು ವೋಲ್ಟೇಜ್ ಮಟ್ಟಗಳಲ್ಲಿ ಒಂದು. ಇದೇ ಪ್ಯಾಮ್4. ಎರಡೇ ಮಟ್ಟವಿದ್ದ ಹಳೆಯ ಪದ್ಧತಿಗೆ ಹೋಲಿಸಿದರೆ ಮಟ್ಟಗಳ ನಡುವಿನ ಅಂತರ ಮೂರನೇ ಒಂದು ಪಾಲು. ಅಂದರೆ ಸಿಗ್ನಲ್ ಕುಗ್ಗುವುದನ್ನು ಅಳೆಯುವ ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ 9.5 ಡಿಬಿ ಮೊದಲೇ ಕೈಬಿಟ್ಟು ಆಟ ಶುರು. 26.56 ಗಿಗಾಹರ್ಟ್ಸಿನಲ್ಲಿ ವಿದ್ಯುತ್ತು ತಂತಿಯ ಒಳಗೆ ಇಳಿಯುವುದೇ ಇಲ್ಲ, ಮೇಲ್ಮೈಯ ಸುಮಾರು 0.4 ಮೈಕ್ರಾನ್ ಪದರದಲ್ಲೇ ಹರಿಯುತ್ತದೆ. ಬೆಳ್ಳಿಯ ಲೇಪ, ತಂತಿಯ ಮೈನುಣುಪು ಇವೆಲ್ಲ ಲೆಕ್ಕಕ್ಕೆ ಬರುವುದು ಅದಕ್ಕೇ. 802.3ಸಿಕೆ ಪ್ರಕಾರ ಎರಡೂ ತುದಿಯ ಕನೆಕ್ಟರ್ ಸೇರಿ ಕೇಬಲ್ ಜೋಡಣೆ ಈ ಆವರ್ತನದಲ್ಲಿ 19.75 ಡಿಬಿ ತನಕ ನುಂಗಬಹುದು. ವೋಲ್ಟೇಜಿನಲ್ಲಿ ಹೇಳುವುದಾದರೆ ಹತ್ತು ಪಾಲು ಕಳಿಸಿದರೆ ಇನ್ನೊಂದು ತುದಿಗೆ ತಲುಪುವುದು ಒಂದೇ ಪಾಲು.

ದಪ್ಪ ತಂತಿ ಹಾಕಿದರೆ ನಷ್ಟ ಕಡಿಮೆ, ನಿಜ. 26 ಗೇಜಿನ ತಂತಿ 0.405 ಮಿಲಿಮೀಟರ್. ಆದರೆ ಕೇಬಲ್ ಕಬ್ಬಿಣದ ಸರಳಿನ ಹಾಗೆ ಬಿಗಿಯಾಗುತ್ತದೆ, ರ‍್ಯಾಕಿನ ಬಾಗಿಲು ಮುಚ್ಚುವುದಿಲ್ಲ, ಎಂಟು ಲೇನಿನ ಕ್ಯೂಎಸ್‌ಎಫ್‌ಪಿ-ಡಿಡಿಯಲ್ಲಿ ಹದಿನಾರು ಜೋಡಿ ಡಬ್ಬಿಯೊಳಗೆ ಹಿಡಿಸುವುದೂ ಇಲ್ಲ. ಗೇಜ್ ಆಯ್ಕೆ ಸಾಮಾನ್ಯವಾಗಿ ಹೊಸಬರ ಕೈಗೆ ಬರುವ ಹೊತ್ತಿಗೆ ತೀರ್ಮಾನವಾಗಿ ಹೋಗಿರುತ್ತದೆ. ಅವರ ಪಾಲಿಗೆ ಬರುವುದು ಬೆಸುಗೆಯ ಜಾಗ ಮತ್ತು ಅದನ್ನು ಅಳೆಯುವ ಕೆಲಸ.

ಬೆಸುಗೆಯ ಜಾಗ

ಟ್ವಿನ್ಆಕ್ಸಿನ ಡಿಫರೆನ್ಷಿಯಲ್ ಇಂಪಿಡೆನ್ಸ್, ಅಂದರೆ ಓಡುವ ಸಿಗ್ನಲ್ಲಿಗೆ ಎರಡು ತಂತಿಗಳ ನಡುವೆ ಎದುರಾಗುವ ತಡೆ, 100 ಓಮ್ ಇರಬೇಕು. ತಂತಿಯ ದಪ್ಪ, ಎರಡರ ಅಂತರ, ಫೋಮಿನ ಗುಣ, ಹಾಳೆಯ ದೂರ ಇವೆಲ್ಲ ಸೇರಿ ಆ 100 ಬಂದಿರುತ್ತದೆ. ತುದಿಯಲ್ಲಿ ಬೆಸುಗೆಗಾಗಿ ಹಾಳೆ ಸುಲಿದಿರಿ, ಫೋಮ್ ಸುಲಿದಿರಿ. ಗ್ರೌಂಡ್ ದೂರ ಹೋಯಿತು, ಇಂಪಿಡೆನ್ಸ್ ಏರಿತು. ಮರುಕ್ಷಣವೇ ತಂತಿ ಅಗಲವಾದ ಪ್ಯಾಡಿನ ಮೇಲೆ ಕೂತು ಸೋಲ್ಡರಿನ ಗುಡ್ಡೆ ಹೊದ್ದುಕೊಂಡಿತು. ಕೆಪಾಸಿಟೆನ್ಸ್ ಹೆಚ್ಚಾಗಿ ಇಂಪಿಡೆನ್ಸ್ ಇಳಿಯಿತು. ಒಂದು ಉಬ್ಬು, ಒತ್ತಿಗೇ ಒಂದು ತಗ್ಗು. ಒಳ್ಳೆಯ ವಿನ್ಯಾಸಕಾರರು ಪ್ಯಾಡಿನ ಕೆಳಗಿನ ಗ್ರೌಂಡ್ ಪದರದಲ್ಲಿ ಕಿಟಕಿ ಕತ್ತರಿಸಿ ತಗ್ಗನ್ನು ತುಂಬುತ್ತಾರೆ. ಆದರೆ ಆ ಕಿಟಕಿಯನ್ನು ಲೆಕ್ಕ ಹಾಕಿರುವುದು ಒಂದು ನಿರ್ದಿಷ್ಟ ಸುಲಿತದ ಉದ್ದಕ್ಕೆ, ಒಂದು ನಿರ್ದಿಷ್ಟ ಸೋಲ್ಡರ್ ಪ್ರಮಾಣಕ್ಕೆ. ಕಾರ್ಖಾನೆಯಲ್ಲಿ ಎರಡೂ ಬದಲಾಗುತ್ತಲೇ ಇರುತ್ತವೆ.

ಎಲ್ಲಿ ಕೆಡುತ್ತದೆ? ಮೊದಲನೆಯದು ಶಾಖ. ಸೀಸವಿಲ್ಲದ ಸೋಲ್ಡರ್ ಕರಗುವುದು ಸುಮಾರು 217ರಿಂದ 220 ಡಿಗ್ರಿಯಲ್ಲಿ. ಪಾಲಿಥಿಲೀನ್ ಫೋಮ್ ಅದಕ್ಕಿಂತ 100 ಡಿಗ್ರಿ ಮೊದಲೇ ಮೆತ್ತಗಾಗುತ್ತದೆ. ಬೆಸುಗೆ ಹಾಕುವ ಬಿಸಿ ಪಟ್ಟಿ, ಅಂದರೆ ಹಾಟ್ ಬಾರ್, ಒಂದೆರಡು ಸೆಕೆಂಡ್ ಹೆಚ್ಚು ನಿಂತರೆ ಫೋಮ್ ಹಿಂದಕ್ಕೆ ಸುಕ್ಕುಗಟ್ಟುತ್ತದೆ, ಬೆತ್ತಲೆ ತಂತಿ ಉದ್ದವಾಗುತ್ತದೆ, ಇಂಪಿಡೆನ್ಸಿನ ಉಬ್ಬು ಬೆಳೆಯುತ್ತದೆ. ಎರಡನೆಯದು ಲೇಸರ್. ಹಾಳೆಯನ್ನು ಕತ್ತರಿಸುವ ಲೇಸರ್ ಸ್ವಲ್ಪ ಆಳಕ್ಕೆ ಹೋದರೆ ಫೋಮಿಗೆ ಗಾಯ, ಇನ್ನೂ ಆಳಕ್ಕೆ ಹೋದರೆ ತಂತಿಗೇ ಕಚ್ಚು. ಅಂಥ ತಂತಿ ಅಂದು ಪಾಸಾಗುತ್ತದೆ. ನಾಲ್ಕು ಸಲ ಬಾಗಿಸಿದ ಮೇಲೆ ತುಂಡಾಗುತ್ತದೆ. ಮೂರನೆಯದು, ಹೆಚ್ಚಿನವರು ಗಮನಿಸದೆ ಬಿಡುವ ಅಂಟು. ಬೆಸುಗೆ ಅಲುಗಾಡದಿರಲೆಂದು ಮೇಲೆ ಹಾಟ್‌ಮೆಲ್ಟ್ ಸುರಿಯುತ್ತಾರೆ. ಗಾಳಿಯಿದ್ದ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಇಂಪಿಡೆನ್ಸ್ ಬಿತ್ತು. ಅಂಟು ಹಾಕುವ ಮೊದಲು ಅಳೆದು ಚೆನ್ನಾಗಿದೆ ಎಂದು ಬೆನ್ನು ತಟ್ಟಿಕೊಂಡ ಸ್ಯಾಂಪಲ್ಲು, ಅಂಟು ಬಿದ್ದ ಮೇಲೆ ಬೇರೆಯದೇ ಕೇಬಲ್. ಆದ್ದರಿಂದ ವಿನ್ಯಾಸವನ್ನು ಹೋಲಿಸುವಾಗ ಅಂಟು ಬಿದ್ದದ್ದನ್ನು ಅಂಟು ಬಿದ್ದದ್ದರ ಜೊತೆಗೇ ಹೋಲಿಸಬೇಕು.

ಅಳೆಯುವ ಮೊದಲು

ಈ ಕೆಲಸದ ಮುಖ್ಯ ಉಪಕರಣ, ಒಂದೊಂದು ಆವರ್ತನದಲ್ಲೂ ಸಿಗ್ನಲ್ ಎಷ್ಟು ದಾಟಿತು, ಎಷ್ಟು ಹಿಂದಿರುಗಿತು ಎಂದು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಜರ್, ಲ್ಯಾಬಿನ ಮಾತಿನಲ್ಲಿ ವಿಎನ್ಎ. ನಾಲ್ಕು ಪೋರ್ಟಿನದು ಬೇಕು, 100 ಗಿಗಾಬಿಟ್ ಲೇನಿಗೆ 40 ಅಥವಾ 50 ಗಿಗಾಹರ್ಟ್ಸ್ ತನಕ ಹೋಗಬೇಕು. ಇದರ ಬಾಯಿಗೆ ಹಾಕುವ ಕನೆಕ್ಟರುಗಳಲ್ಲೂ ಜಾತಿಗಳಿವೆ: 2.92 ಮಿಲಿಮೀಟರಿನದು 40 ಗಿಗಾಹರ್ಟ್ಸಿಗೆ, 2.4ರದು 50ಕ್ಕೆ, 1.85ರದು 67ಕ್ಕೆ. 2.92ರದು ಎಸ್‌ಎಂಎ ಮತ್ತು 3.5 ಎಂಬ ಇನ್ನೆರಡು ಜಾತಿಗಳ ಜೊತೆ ಕೂಡುತ್ತದೆ, 2.4 ಮತ್ತು 1.85 ತಮ್ಮತಮ್ಮಲ್ಲಿ ಕೂಡುತ್ತವೆ. ಈ ಗುಂಪಿನದನ್ನು ಆ ಗುಂಪಿಗೆ ಬಲವಂತವಾಗಿ ತಿರುಗಿಸಿದರೆ ದುಬಾರಿ ಕೇಬಲ್ಲಿನ ನಡುಪಿನ್ ಹೋಯಿತು ಎಂದೇ ಲೆಕ್ಕ. ಅಗ್ಗದ ಎಸ್‌ಎಂಎ ಕೂಡುತ್ತದೆಂಬ ಕಾರಣಕ್ಕೆ 2.92ರ ಬಾಯಿಗೆ ಹಾಕುವುದೂ ಒಳ್ಳೆಯದಲ್ಲ, ಅದರ ಪಿನ್ನು ಉದ್ದವಾಗಿದ್ದರೆ ಹಾನಿ ಅಷ್ಟೇ. ಬಿಗಿಯುವಾಗ ನಟ್ಟನ್ನು ಮಾತ್ರ ತಿರುಗಿಸಬೇಕು, ಕನೆಕ್ಟರಿನ ಮೈ ತಿರುಗಬಾರದು. 0.9 ನ್ಯೂಟನ್ ಮೀಟರಿನ ಟಾರ್ಕ್ ಸ್ಪ್ಯಾನರ್ ಕೈಯಲ್ಲಿ "ಕಟ್" ಎಂದು ಬಾಗಿದೊಡನೆ ನಿಲ್ಲಿಸಬೇಕು; ಎರಡನೇ ಸಲ ಒತ್ತುವ ಚಟ ಬೇಡ.

ಶುರುವಿನ ಆವರ್ತನ 10 ಮೆಗಾಹರ್ಟ್ಸ್, ಹೆಜ್ಜೆಯೂ 10 ಮೆಗಾಹರ್ಟ್ಸ್ ಇಟ್ಟುಕೊಳ್ಳುವುದು ಅನುಕೂಲ. ಎರಡೂ ಒಂದೇ ಆಗಿದ್ದರೆ ಆಮೇಲೆ ಕಾಲಕ್ಕೆ ಪರಿವರ್ತಿಸುವಾಗ ಗೋಜಲಿಲ್ಲ, 100 ನ್ಯಾನೋಸೆಕೆಂಡಿನ ಕಿಟಕಿಯೂ ಸಿಗುತ್ತದೆ. 2 ಮೀಟರಿನ ಕೇಬಲ್ಲಿಗೆ ಧಾರಾಳವಾಯಿತು. 50 ಗಿಗಾಹರ್ಟ್ಸ್ ತನಕ 5,000 ಬಿಂದುಗಳು. ಐಎಫ್ ಬ್ಯಾಂಡ್‌ವಿಡ್ತ್, ಅಂದರೆ ಯಂತ್ರ ಒಮ್ಮೆಗೆ ಕೇಳಿಸಿಕೊಳ್ಳುವ ಆವರ್ತನದ ಅಗಲ, 1 ಕಿಲೋಹರ್ಟ್ಸ್ ಇಟ್ಟರೆ ಒಂದು ಅಳತೆಗೆ ಅರ್ಧ ನಿಮಿಷದ ಆಸುಪಾಸು. ಅವಸರಕ್ಕೆ ಇದನ್ನು 100 ಕಿಲೋಹರ್ಟ್ಸಿಗೆ ಏರಿಸಿದವರಿಗೆ ಕ್ರಾಸ್‌ಟಾಕಿನ (ಒಂದರ ಸಿಗ್ನಲ್ ಪಕ್ಕದ್ದಕ್ಕೆ ಸೋರುವುದರ) ಗ್ರಾಫಿನಲ್ಲಿ ಕ್ರಾಸ್‌ಟಾಕ್ ಕಾಣದು, ಉಪಕರಣದ ಗದ್ದಲ ಮಾತ್ರ ಕಾಣುತ್ತದೆ.

ಯಂತ್ರ ಬಿಸಿಯಾಗಿ ಸ್ಥಿರವಾಗುವ ತನಕ ಕಾದು, ಕ್ಯಾಲಿಬ್ರೇಷನ್ ಮುಗಿಸಿ, ಕೂಡಲೇ ಹೊಸ ಸ್ಯಾಂಪಲ್ ಹಾಕಬೇಡಿ. ಪ್ರತಿ ಲ್ಯಾಬಿನಲ್ಲೂ ಎಲ್ಲರಿಗೂ ಪರಿಚಿತವಾದ ಒಂದು ಕೇಬಲ್ಲನ್ನು ಡ್ರಾಯರಿನಲ್ಲಿ ಎತ್ತಿಟ್ಟಿರಬೇಕು. ಬೆಳಿಗ್ಗೆ ಮೊದಲು ಅದನ್ನು ಅಳೆದು ನಿನ್ನೆಯ ಗ್ರಾಫಿನ ಮೇಲೆ ಇಡಬೇಕು. ಎರಡು ಗೆರೆ ಒಂದರ ಮೇಲೊಂದು ಕೂತರೆ ಮುಂದಿನ ಕೆಲಸ. ಕೂರದಿದ್ದರೆ ಕೆಟ್ಟಿರುವುದು ನಿಮ್ಮ ಅಳತೆ. ಸಂಶಯ ಮೊದಲು ತನ್ನ ಮೇಲೆ, ಆಮೇಲೆ ಫಿಕ್ಸ್‌ಚರಿನ ಮೇಲೆ, ಕೊನೆಗೆ ಕೇಬಲ್ಲಿನ ಮೇಲೆ.

ಫಿಕ್ಸ್‌ಚರ್ ಎಂದರೆ ಕ್ಯೂಎಸ್‌ಎಫ್‌ಪಿ ಕನೆಕ್ಟರಿನಿಂದ ವಿಎನ್ಎ ಕೇಬಲ್ಲಿಗೆ ದಾರಿ ಮಾಡುವ ಬೋರ್ಡು. ಆ ಬೋರ್ಡಿನ ನಷ್ಟವನ್ನು ಲೆಕ್ಕದಿಂದ ಕಳೆಯುವುದಕ್ಕೆ ಡಿ-ಎಂಬೆಡಿಂಗ್ ಎನ್ನುತ್ತಾರೆ. ಇದರ ಗುಣಮಟ್ಟವನ್ನು ಐಇಇಇ 370 ಎಂಬ 2020ರ ಮಾನಕ ಹೇಳುತ್ತದೆ. ಕಳೆದ ಮೇಲೆ ಯಾವುದೋ ಆವರ್ತನದಲ್ಲಿ ನಷ್ಟದ ಗೆರೆ ಶೂನ್ಯಕ್ಕಿಂತ ಮೇಲೆ ಹೋಗಿ, ಪ್ಯಾಸಿವ್ ಕೇಬಲ್ಲು ಸಿಗ್ನಲ್ಲನ್ನು ಬೆಳೆಸಿದಂತೆ ಕಂಡರೆ ಖುಷಿಪಡುವ ಹಾಗಿಲ್ಲ. ಕಳೆಯಬೇಕಾದ್ದಕ್ಕಿಂತ ಹೆಚ್ಚು ಕಳೆದಿದ್ದೀರಿ.

ಇನ್ನು, ಎಲ್ಲ ಹೊಸಬರೂ ಒಮ್ಮೆ ಬೀಳುವ ಗುಂಡಿಯೊಂದಿದೆ. ಅಳತೆಯ ಫಲ ಎಸ್4ಪಿ ಎಂಬ ಫೈಲು. ಅದರಲ್ಲಿ 1ನೇ ಪೋರ್ಟಿನ ಎದುರುತುದಿ 2 ಎಂದು ಕೆಲವರು ಇಟ್ಟುಕೊಳ್ಳುತ್ತಾರೆ, 3 ಎಂದು ಇನ್ನು ಕೆಲವರು. ಎರಡನೇ ಕ್ರಮದ ಫೈಲನ್ನು ಮೊದಲನೇ ಕ್ರಮದಲ್ಲಿ ಓದಿದರೆ ಒಂದೇ ತಂತಿಯ ಎರಡು ತುದಿಗಳನ್ನು ಸಾಫ್ಟ್‌ವೇರ್ ಒಂದು ಜೋಡಿ ಎಂದು ತಿಳಿಯುತ್ತದೆ. ಆಗ ಇನ್ಸರ್ಷನ್ ಲಾಸ್ (ಸಿಗ್ನಲ್ ದಾಟುವಾಗಿನ ನಷ್ಟ) ಇರಬೇಕಾದಲ್ಲಿ ಕ್ರಾಸ್‌ಟಾಕಿನಂಥ ಗೆರೆ, ಪ್ರತಿಫಲನ ಇರಬೇಕಾದಲ್ಲಿ ಚೊಕ್ಕವಾದ ಇನ್ಸರ್ಷನ್ ಲಾಸಿನ ಇಳಿಜಾರು. ಕೇಬಲ್ ತುಂಡಾಗಿದೆ ಎಂದು ವರದಿ ಬರೆಯುವ ಮೊದಲು ಅತಿ ಕಡಿಮೆ ಆವರ್ತನದಲ್ಲಿ ಯಾವ ಎಸ್-ಪ್ಯಾರಾಮೀಟರ್ 0 ಡಿಬಿಯ ಹತ್ತಿರ ಇದೆ ನೋಡಿ. ಎಸ್21, ಅಂದರೆ 1ನೇ ಪೋರ್ಟಿನಿಂದ 2ಕ್ಕೆ ತಲುಪಿದ್ದು, ಇದ್ದರೆ ಒಂದು ಕ್ರಮ, ಎಸ್31 ಇದ್ದರೆ ಇನ್ನೊಂದು. ಹತ್ತು ಸೆಕೆಂಡಿನ ಕೆಲಸ.

ಉಬ್ಬುತಗ್ಗಿನ ಊರು ಹುಡುಕುವುದು

ವಿಎನ್ಎ ಏನು ಕೆಟ್ಟಿದೆ ಎನ್ನುತ್ತದೆ. ಎಲ್ಲಿ ಕೆಟ್ಟಿದೆ ಎನ್ನುವುದು ಟಿಡಿಆರ್. ಚೂಪಾದ ವೋಲ್ಟೇಜ್ ಮೆಟ್ಟಿಲೊಂದನ್ನು ಕೇಬಲ್ಲಿಗೆ ಕಳಿಸಿ, ಹಿಂದಿರುಗುವ ಮಾರ್ದನಿಯನ್ನು ಕಾಲದ ಮೇಲೆ ಬಿಡಿಸಿ ತೋರಿಸುವ ಉಪಕರಣ ಅದು. ವಿಎನ್ಎ ದತ್ತಾಂಶದಿಂದಲೂ ಇದೇ ಚಿತ್ರ ಲೆಕ್ಕಹಾಕಿ ತೆಗೆಯಬಹುದು.

ಒಂದು ಲೆಕ್ಕ ಮಾಡಿ ನೋಡೋಣ. ಫೋಮಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 1.5 ಎಂದುಕೊಳ್ಳಿ. ಸಿಗ್ನಲ್ ಮೀಟರಿಗೆ 4.1 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಹೋಗಿ ಬರಲು 8.2. ಪರದೆಯಲ್ಲಿ ಕನೆಕ್ಟರ್ ದಾಟಿ 2.05 ನ್ಯಾನೋಸೆಕೆಂಡಿಗೆ 90 ಓಮಿನ ತಗ್ಗು ಕಾಣುತ್ತಿದೆ. ಹಾಗಾದರೆ ಅದು ಕನೆಕ್ಟರಿನಿಂದ ಕಾಲು ಮೀಟರ್ ದೂರದಲ್ಲಿದೆ, ಬೆಸುಗೆಗೂ ಅದಕ್ಕೂ ಸಂಬಂಧವಿಲ್ಲ. ಅಳತೆಪಟ್ಟಿ ಹಿಡಿದು 25 ಸೆಂಟಿಮೀಟರಿನಲ್ಲಿ ಹುಡುಕಿದರೆ ಕೇಬಲ್ ಟೈ ಬಿಗಿದ ಗುರುತೋ, ಡಬ್ಬದಲ್ಲಿ ತುಂಬುವಾಗ ಮಡಚಿದ ಜಾಗವೋ ಸಿಗುತ್ತದೆ. ಹೋಗಿ ಬರುವ ಕಾಲ ಎಂಬುದನ್ನು ಮರೆತು ಅರ್ಧ ಮೀಟರಿನಲ್ಲಿ ಹುಡುಕುತ್ತಾ ಕೂತವರು ಕಡಿಮೆಯೇನಿಲ್ಲ.

ಹತ್ತಿರದ ಎರಡು ದೋಷಗಳನ್ನು ಬೇರೆ ಮಾಡಿ ನೋಡಲು ಮೆಟ್ಟಿಲು ಚೂಪಾಗಿರಬೇಕು. ಏರುಕಾಲ 20 ಪಿಕೋಸೆಕೆಂಡ್ ಇದ್ದರೆ ಈ ಫೋಮಿನಲ್ಲಿ ಸುಮಾರು 2.5 ಮಿಲಿಮೀಟರ್ ತನಕ ಬಿಡಿಸಿ ನೋಡಬಹುದು. 35 ಇದ್ದರೆ 4.3, ಆಗ ಬೆಸುಗೆಯ ಉಬ್ಬೂ ತಗ್ಗೂ ಬೆರೆತು ಸಪಾಟಾಗಿ, ಇಲ್ಲದ ಚೆಲುವು ಕಾಣಿಸುತ್ತದೆ. ಏರುಕಾಲ ಬರೆಯದ ಟಿಡಿಆರ್ ಗ್ರಾಫನ್ನು ಸಪ್ಲೈಯರ್ ಕಳಿಸಿದರೆ ವಾಪಸ್ ಕೇಳಿ.

ಇನ್ನೊಂದು ಭ್ರಮೆ. ಉದ್ದ ಕೇಬಲ್ಲಿನ ಗ್ರಾಫು ನಿಧಾನವಾಗಿ ಮೇಲೇರುತ್ತಾ ಹೋಗುತ್ತದೆ. ದೂರದ ತುದಿಯಲ್ಲಿ ಇಂಪಿಡೆನ್ಸ್ ಹೆಚ್ಚಾಗಿದೆ ಎಂದು ಅರ್ಥವಲ್ಲ. 30 ಗೇಜಿನ ಒಂದು ತಂತಿಗೆ ಮೀಟರಿಗೆ 0.34 ಓಮಿನ ನೇರ ರೋಧವಿದೆ, ಆವರ್ತನದೊಂದಿಗೆ ಅದು ಇನ್ನೂ ಹೆಚ್ಚುತ್ತದೆ, ಅದೆಲ್ಲ ಕೂಡುತ್ತಾ ಹೋಗುತ್ತದೆ. ದೂರದ ದೋಷ ನಷ್ಟದಲ್ಲಿ ಮಸುಕಾಗಿ ಚಿಕ್ಕದಾಗಿಯೂ ಕಾಣುತ್ತದೆ. ಹಾಗಾಗಿ ಎರಡೂ ತುದಿಯಿಂದ ಅಳೆಯುವುದು ಕಡ್ಡಾಯ.

ಪ್ಯಾಡಲ್ ಕಾರ್ಡಿನ ಮೇಲೆ ದೋಷ ಎಲ್ಲಿದೆ ಎಂದು ಖಚಿತವಾಗಬೇಕೆ? ಟಿಡಿಆರ್ ಓಡುತ್ತಿರುವಾಗಲೇ ಹೊರಪದರದ ಗೆರೆಯ ಮೇಲೆ ಬೆರಳ ತುದಿ ಇಡಿ. ಬೆರಳಿನ ಕೆಪಾಸಿಟೆನ್ಸಿಗೆ ಪರದೆಯಲ್ಲಿ ಒಂದು ಹೊಸ ತಗ್ಗು ಮೂಡುತ್ತದೆ. ಬೆರಳನ್ನು ಜರುಗಿಸುತ್ತಾ ಹೋಗಿ, ಎರಡು ತಗ್ಗು ಒಂದಾದ ಜಾಗವೇ ದೋಷದ ಊರು. ಹಾಳೆ ಸುತ್ತಿದ ಟ್ವಿನ್ಆಕ್ಸಿನ ಮೇಲೆ ಈ ಉಪಾಯ ನಡೆಯದು. ಎಚ್ಚರಿಕೆ ಇಷ್ಟೇ: ಟಿಡಿಆರಿನ ಸ್ಯಾಂಪ್ಲಿಂಗ್ ಹೆಡ್ಡು ಸ್ಥಾಯಿ ವಿದ್ಯುತ್ತಿಗೆ ತೀರ ಸೂಕ್ಷ್ಮ. ಮುಂಗೈಗೆ ಇಎಸ್‌ಡಿ ಪಟ್ಟಿ ಇಲ್ಲದೆ ಮುಟ್ಟಬಾರದು. ಮೇಜಿನ ಮೇಲೆ ಎಳೆದಾಡಿದ ಕೇಬಲ್ಲಿನಲ್ಲೂ ಚಾರ್ಜ್ ಕೂತಿರುತ್ತದೆ. ಸಿಕ್ಕಿಸುವ ಮೊದಲು ಅದರ ತಂತಿಗಳನ್ನು ಗ್ರೌಂಡಿಗೆ ತಾಗಿಸಿ ಖಾಲಿ ಮಾಡಬೇಕು.

ಒಂದು ಮಿಲಿಮೀಟರಿನ ಬೆಲೆ

ಜೋಡಿಯ ಎರಡು ತಂತಿಗಳಲ್ಲಿ ಸಿಗ್ನಲ್ ಒಟ್ಟಿಗೇ ತಲುಪಬೇಕು. ಹಿಂದುಮುಂದಾದರೆ ಅದೇ ಸ್ಕ್ಯೂ. 5 ಪಿಕೋಸೆಕೆಂಡ್ ಸ್ಕ್ಯೂ ಇದ್ದರೆ 26.56 ಗಿಗಾಹರ್ಟ್ಸಿನಲ್ಲಿ ಸುಮಾರು 0.8 ಡಿಬಿ ಹೆಚ್ಚುವರಿ ನಷ್ಟ. ಪರವಾಗಿಲ್ಲ ಅನ್ನಿಸಬಹುದು. 10 ಆದರೆ 3.5 ಡಿಬಿ. 18.8 ಆದರೆ ಒಂದು ತಂತಿಯ ಸಿಗ್ನಲ್ ಇನ್ನೊಂದನ್ನು ಪೂರ್ತಿ ಅಳಿಸುತ್ತದೆ. ಎರಡು ತಂತಿಗಳ ನಡುವೆ ಬಿಗಿಯಾದ ಕಪ್ಲಿಂಗ್ ಇದ್ದರೆ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ, ಅಂದಾಜಿಗೆ ಇಷ್ಟು ಸಾಕು. ಕಳೆದುಹೋದ ಶಕ್ತಿ ಕಾಮನ್ ಮೋಡ್ (ಎರಡೂ ತಂತಿಯಲ್ಲಿ ಒಂದೇ ದಿಕ್ಕಿನ ಸಿಗ್ನಲ್) ಆಗಿ ಹೊರಗೆ ಸೋರಿ, ವಿದ್ಯುತ್ಕಾಂತೀಯ ಅಡ್ಡಿಯನ್ನು ಅಳೆಯುವ ಇಎಂಐ ಪರೀಕ್ಷೆಯಲ್ಲಿ ತಲೆ ಎತ್ತುತ್ತದೆ.

5 ಪಿಕೋಸೆಕೆಂಡ್ ಎಲ್ಲಿಂದ ಬರುತ್ತದೆ ನೋಡಿ. ಡಬ್ಬಿಯೊಳಗೆ ಜಾಗವಿಲ್ಲವೆಂದು ಜೋಡಿಯನ್ನು ಅದರ ಅಗಲದ ದಿಕ್ಕಿನಲ್ಲಿ 90 ಡಿಗ್ರಿ ಬಾಗಿಸಿದ್ದಾರೆ. ತಂತಿಗಳ ನಡುವೆ 0.7 ಮಿಲಿಮೀಟರ್ ಇದ್ದರೆ ಹೊರಬದಿಯ ತಂತಿ 1.1 ಮಿಲಿಮೀಟರ್ ಹೆಚ್ಚು ದೂರ ಸುತ್ತುತ್ತದೆ. ಅದೇ 4.5 ಪಿಕೋಸೆಕೆಂಡ್. ಬಾಗಿನ ತ್ರಿಜ್ಯ ಎಷ್ಟೇ ದೊಡ್ಡದು ಮಾಡಿದರೂ ಇದು ಕಡಿಮೆಯಾಗದು, ಏಕೆಂದರೆ ವ್ಯತ್ಯಾಸ ಕೋನಕ್ಕೆ ಸೇರಿದ್ದು. ಚಪ್ಪಟೆ ಮಗ್ಗುಲಿಗೆ ಬಾಗಿಸಿದರೆ ಎರಡೂ ತಂತಿ ಸಮ. ಜೋಡಣೆಯ ಡ್ರಾಯಿಂಗಿನಲ್ಲಿ ಇದನ್ನು ಬರೆಯದಿದ್ದರೆ ಕಾರ್ಖಾನೆಯವರು ಕೈಗೆ ಸುಲಭವಾದ ಕಡೆಗೆ ಬಾಗಿಸುತ್ತಾರೆ. ಅದು ಅವರ ತಪ್ಪಲ್ಲ.

ಸುತ್ತಿದ ಹಾಳೆಯದು ಇನ್ನೊಂದು ಕಿರಿಕಿರಿ. ಹಾಳೆಯನ್ನು ಊದುಬತ್ತಿಯ ಕಾಗದದ ಹಾಗೆ ಓರೆಯಾಗಿ ಸುತ್ತುತ್ತಾ ಹೋದರೆ, ಸುತ್ತಿನ ಅಂತರ ಅರ್ಧ ತರಂಗಕ್ಕೆ ಸಮನಾದ ಆವರ್ತನದಲ್ಲಿ ಗ್ರಾಫು ದಿಢೀರನೆ ಕುಸಿಯುತ್ತದೆ. ಸುತ್ತಿನ ಅಂತರ 5 ಮಿಲಿಮೀಟರ್ ಇದ್ದರೆ ಕುಸಿತ 24.5 ಗಿಗಾಹರ್ಟ್ಸಿನ ಹತ್ತಿರ. ಉದ್ದಕ್ಕೆ ಮಡಚಿದ ಹಾಳೆಯಲ್ಲಿ ಈ ಕಾಟವಿಲ್ಲ, ಆದರೆ ಕೇಬಲ್ ಬಾಗಿದಾಗ ಅದರ ಸೀಳು ಬಾಯಿ ತೆರೆಯಬಹುದು.

ಎಲೆಕ್ಟ್ರಿಕಲ್ಲಿಗೂ ಮೆಕ್ಯಾನಿಕಲ್ಲಿಗೂ ನಿಜವಾದ ಹಗ್ಗಜಗ್ಗಾಟ ನಡೆಯುವುದು ಕನೆಕ್ಟರಿನ ಸಂಪರ್ಕದಲ್ಲಿ. ಸ್ಪ್ರಿಂಗಿನಂಥ ಕಾಂಟ್ಯಾಕ್ಟು ಚಿನ್ನದ ಪ್ಯಾಡಿನ ಮೇಲೆ ಉಜ್ಜಿಕೊಂಡು ಹೋಗಿ ಕೂರಬೇಕು; ಆ ಉಜ್ಜುವಿಕೆಯೇ ಧೂಳು, ಪೊರೆಗಳನ್ನು ಒರೆಸುತ್ತದೆ. ಆದರೆ ಕಾಂಟ್ಯಾಕ್ಟ್ ಕೂತ ಬಿಂದುವಿನಿಂದ ಪ್ಯಾಡಿನ ತುದಿಯ ತನಕ ಉಳಿದ ಚಿನ್ನ ಎಲ್ಲಿಗೂ ಹೋಗದ ಓಣಿ, ಅಂದರೆ ಸ್ಟಬ್. ಸ್ಟಬ್ಬಿನ ಉದ್ದ ಕಾಲು ತರಂಗವಾದ ಕಡೆ ಸಿಗ್ನಲ್ಲು ಮಂಗಮಾಯ. ಸುತ್ತಲಿನ ವಸ್ತುವಿನ ಸ್ಥಿರಾಂಕ 3 ಎಂದುಕೊಂಡರೆ, 1.5 ಮಿಲಿಮೀಟರಿನ ಸ್ಟಬ್ಬು 29 ಗಿಗಾಹರ್ಟ್ಸಿನಲ್ಲಿ ನುಂಗುತ್ತದೆ, ನಮ್ಮ 26.56ರ ಮಗ್ಗುಲಲ್ಲೇ. 0.8 ಮಿಲಿಮೀಟರಿಗೆ ಇಳಿಸಿದರೆ ಅದು 54ಕ್ಕೆ ಓಡಿಹೋಗುತ್ತದೆ. ಸಿಗ್ನಲ್ ಇಂಜಿನಿಯರ್ ಪ್ಯಾಡ್ ಕತ್ತರಿಸಿ ಎನ್ನುತ್ತಾರೆ. ಡಬ್ಬಿ, ಕೇಜು, ಲ್ಯಾಚು, ಕಾರ್ಡಿನ ಅಂಚು ಎಲ್ಲದರ ಟಾಲರೆನ್ಸ್ (ಅಳತೆಯಲ್ಲಿ ಬರಬಹುದಾದ ಹೆಚ್ಚುಕಡಿಮೆ) ಕೂಡಿಸಿದ ಮೆಕ್ಯಾನಿಕಲ್ ಇಂಜಿನಿಯರ್, ಕತ್ತರಿಸಿದರೆ ಕೆಟ್ಟ ಪಕ್ಷದಲ್ಲಿ ಕಾಂಟ್ಯಾಕ್ಟು ಪ್ಯಾಡಿನಾಚೆಗೆ ಇಳಿಯುತ್ತದೆ ಎನ್ನುತ್ತಾರೆ. ಇಬ್ಬರೂ ಸರಿ. ಟಿಇ ಕನೆಕ್ಟಿವಿಟಿ, ಮೊಲೆಕ್ಸ್, ಆಂಫೆನಾಲ್ ಈ ಮೂರಕ್ಕೂ ಬೆಂಗಳೂರಿನಲ್ಲಿ ನೆಲೆಯಿದೆ. ಇಂಥ ಕಡೆ ಕೆಲಸಕ್ಕೆ ಸೇರುವ ಎಲೆಕ್ಟ್ರಾನಿಕ್ಸ್ ಪದವೀಧರರು ಟಾಲರೆನ್ಸ್ ಕೂಡಿಸುವುದನ್ನು ಮೊದಲ ಆರು ತಿಂಗಳಲ್ಲೇ ಕಲಿತರೆ ಸಭೆಗಳಲ್ಲಿ ಅವರ ಮಾತಿಗೆ ತೂಕ ಬರುತ್ತದೆ.

ಸಂಪರ್ಕದ ಬಾಳಿಕೆಗೆ ಚಿನ್ನ 0.76 ಮೈಕ್ರಾನ್, ಅದರಡಿ ನಿಕ್ಕಲ್ 1.27 ಮೈಕ್ರಾನ್ ಎಂಬುದು ಹಳೆಯ ವಾಡಿಕೆ. ಪರೀಕ್ಷೆಗಳು ಕನೆಕ್ಟರುಗಳಿಗಾಗಿಯೇ ಇರುವ ಇಐಎ-364 ಮಾನಕ ಸರಣಿಯವು: ಹಾಕಿ ತೆಗೆಯುವುದು, ಬಿಸಿ, ತಂಪು, ತೇವ, ಕಂಪನ, ತುಕ್ಕು ಹಿಡಿಸುವ ಅನಿಲ. ಪ್ರತಿ ಹಂತದ ನಂತರ ಸಂಪರ್ಕದ ರೋಧವನ್ನು ನಾಲ್ಕು ತಂತಿಯ ವಿಧಾನದಲ್ಲಿ ಅಳೆಯುತ್ತಾರೆ. ಆ ಅಳತೆಗೆ ಬಳಸುವ ವೋಲ್ಟೇಜ್ 20 ಮಿಲಿವೋಲ್ಟ್ ಮೀರಬಾರದು, ಕರೆಂಟ್ 100 ಮಿಲಿಆಂಪಿಯರ್ ಮೀರಬಾರದು. ಸಾಮಾನ್ಯ ಮಲ್ಟಿಮೀಟರ್ ಹಚ್ಚಿದರೆ ಅದರ ವೋಲ್ಟೇಜಿಗೆ ತೆಳು ಪೊರೆ ಹರಿದುಹೋಗಿ ಕೆಟ್ಟ ಸಂಪರ್ಕವೂ ಒಳ್ಳೆಯದೆಂದು ತೋರುತ್ತದೆ. ಇದೇ ಕಾರಣಕ್ಕೆ, ಹಂತಗಳ ನಡುವೆ ಕನೆಕ್ಟರನ್ನು ಒಮ್ಮೆ ತೆಗೆದು ಹಾಕಿಬಿಡೋಣ ಎಂದು ಕೈಹಾಕುವಂತಿಲ್ಲ. ಉಜ್ಜಿದೊಡನೆ ಸಾಕ್ಷ್ಯ ಅಳಿಸಿಹೋಯಿತು. ಫಲಿತಾಂಶ ಓದುವುದರಲ್ಲೂ ಜಾಣ್ಮೆ ಬೇಕು. ಮಿತಿ 20 ಮಿಲಿಓಮ್ ಏರಿಕೆ ಎಂದಿದೆ, 37 ಕಾಂಟ್ಯಾಕ್ಟುಗಳು 1 ಏರಿವೆ, ಒಂದು 8 ಏರಿದೆ. ಹಾಳೆಯ ಮೇಲೆ ಎಲ್ಲ ಪಾಸು. ಆದರೂ ಆ ಒಂದನ್ನು ಮೈಕ್ರೋಸ್ಕೋಪಿನಡಿ ನೋಡದೆ ಸಹಿ ಹಾಕಬಾರದು.

ಗ್ರಾಫು ಚೆನ್ನಾಗಿದ್ದೂ ಲಿಂಕ್ ಬರದಿದ್ದರೆ

ಹೀಗಾದಾಗ ಮೊದಲು ನೋಡಬೇಕಾದ್ದು ಮೆಮೊರಿ ಚಿಪ್. ಕೇಬಲ್ ಯಾವ ಜಾತಿ, ಎಷ್ಟು ಉದ್ದ, ಎಷ್ಟು ನಷ್ಟ ಎಂದು ಸ್ವಿಚ್ ಅದರಿಂದ ಓದಿಕೊಂಡು, ಕುಗ್ಗಿದ ಸಿಗ್ನಲ್ಲನ್ನು ಸರಿದೂಗಿಸುವ ತನ್ನ ಈಕ್ವಲೈಜರ್ ಹೊಂದಿಸುತ್ತದೆ. ವಿಳಾಸ ಏಳು ಬಿಟ್ಟಿನ ಲೆಕ್ಕದಲ್ಲಿ 0x50, ಎಂಟರ ಲೆಕ್ಕದಲ್ಲಿ 0xಎ0. ಎರಡೂ ಒಂದೇ ಎಂದು ತಿಳಿಯದೆ ಅರ್ಧ ದಿನ ಕಳೆಯುವುದುಂಟು. ಕ್ಯೂಎಸ್‌ಎಫ್‌ಪಿ28ರ ಮೊದಲ ಬೈಟ್ 0x11 ಇರಬೇಕು, ಕ್ಯೂಎಸ್‌ಎಫ್‌ಪಿ-ಡಿಡಿಯದು 0x18. ಎಸ್‌ಎಫ್‌ಎಫ್-8636 ಎಂಬ ಮಾನಕದ ಪ್ರಕಾರ 128ರಿಂದ 190ರ ತನಕದ ಬೈಟ್‌ಗಳ ಮೊತ್ತದ ಕೊನೆಯ ಎಂಟು ಬಿಟ್‌ಗಳು 191ನೇ ಬೈಟಿನಲ್ಲಿರಬೇಕು. ಪಾರ್ಟ್ ನಂಬರ್ ತಿದ್ದಿ ಈ ಮೊತ್ತ ತಿದ್ದಲು ಮರೆತರೆ ಕೇಬಲ್ಲನ್ನು ಸ್ವಿಚ್ಚು ಒಳಗೇ ಬಿಟ್ಟುಕೊಳ್ಳದಿರಬಹುದು.

ಲಿಂಕ್ ಬಂದ ಮೇಲೆ ದೋಷದ ಪ್ರಮಾಣ ಅಳೆಯುವುದು. ಒಂದು ಲಕ್ಷಕೋಟಿ ಬಿಟ್ಟಿಗೆ ಒಂದಕ್ಕಿಂತ ಕಡಿಮೆ ತಪ್ಪು ಎಂದು 95% ಭರವಸೆಯಿಂದ ಹೇಳಲು ಅದರ ಮೂರು ಪಟ್ಟು ಬಿಟ್‌ಗಳನ್ನು ಒಂದೂ ತಪ್ಪಿಲ್ಲದೆ ಕಳಿಸಬೇಕು, 25.78 ಗಿಗಾಬಿಟ್ ಲೇನಿನಲ್ಲಿ ಅದು ಸುಮಾರು ಎರಡು ನಿಮಿಷ. ಪ್ಯಾಮ್4 ಲೇನಿನಲ್ಲಿ ತಪ್ಪುಗಳು ಇದ್ದೇ ಇರುತ್ತವೆ, ಎಫ್‌ಇಸಿ ಎಂಬ ತಪ್ಪು ತಿದ್ದುವ ವ್ಯವಸ್ಥೆ ಅವನ್ನು ಸರಿಪಡಿಸುತ್ತದೆ. 544 ಚಿಹ್ನೆಗಳ ಒಂದು ಕಂತಿನಲ್ಲಿ 15ರ ತನಕ ತಿದ್ದಬಲ್ಲದು. ಹಾಗಾಗಿ ಸರಾಸರಿಯೊಂದನ್ನೇ ನೋಡಬೇಡಿ. ಎಷ್ಟು ಕಂತುಗಳಲ್ಲಿ ಎಷ್ಟೆಷ್ಟು ತಪ್ಪಿವೆ ಎಂಬ ಪಟ್ಟಿ ತೆಗೆಸಿ. ಸರಾಸರಿ ಒಂದೇ ಇರುವ ಎರಡು ಕೇಬಲ್ಲುಗಳಲ್ಲಿ ಒಂದು 4ರಲ್ಲಿ ನಿಂತಿರಬಹುದು, ಇನ್ನೊಂದು ಆಗೀಗ 13ಕ್ಕೆ ಹೋಗಿ ಬರುತ್ತಿರಬಹುದು. ಎರಡನೆಯದು ಗ್ರಾಹಕರ ಬಳಿಯಿಂದ ವಾಪಸ್ ಬರುವ ಕೇಬಲ್.

ಹಾಗೆ ವಾಪಸ್ ಬಂದದ್ದನ್ನು ನೋಡುವುದಕ್ಕೆ ಒಂದು ಕ್ರಮವಿದೆ, ಹಾಳು ಮಾಡದ ಪರೀಕ್ಷೆಗಳು ಮೊದಲು. ಬಂದ ಸ್ಥಿತಿಯಲ್ಲೇ ಫೋಟೋ, ಚಿನ್ನದ ಪಟ್ಟಿಗಳನ್ನು ಒರೆಸದೆ. ಮೆಮೊರಿ ಓದಿ ಉಳಿಸಿಕೊಳ್ಳುವುದು. ನೇರ ರೋಧ, ಎರಡೂ ತುದಿಯಿಂದ ಎಸ್4ಪಿ, ಟಿಡಿಆರ್. ಆಮೇಲೆ ಎಕ್ಸ್‌ರೇ, ಬಿರುಕು ಬಿಟ್ಟ ತಂತಿ, ಒಂದಕ್ಕೊಂದು ಅಂಟಿದ ಸೋಲ್ಡರ್ ಇಲ್ಲಿಯೇ ಕಾಣಬಹುದು. ಅದರಾಚೆಗೆ ಡಬ್ಬಿ ತೆಗೆಯುವುದು, ಅಂಟು ಕೀಳುವುದು. ಅಂಟು ಕೀಳುವಾಗ ಬೆಸುಗೆಯೇ ಎದ್ದುಬಂದರೆ ದೋಷ ಮೊದಲೇ ಇತ್ತೇ ನೀವು ಮಾಡಿದಿರೇ ಎಂದು ಹೇಳಲು ಆಮೇಲೆ ಯಾರಿಂದಲೂ ಆಗದು. ಎಲ್ಲ ಮುಗಿದ ಮೇಲೆ ಕ್ರಾಸ್ ಸೆಕ್ಷನ್: ತುದಿಯನ್ನು ಎಪಾಕ್ಸಿಯಲ್ಲಿ ಹುಗಿದು, ಗಟ್ಟಿಯಾದ ಮೇಲೆ ಮರಳು ಕಾಗದದಿಂದ ಶುರುಮಾಡಿ ನುಣುಪಾಗುವ ತನಕ ಉಜ್ಜುತ್ತಾ, ಟಿಡಿಆರ್ ಹೇಳಿದ ಆ ಕೂದಲೆಳೆಯ ಜಾಗಕ್ಕೆ ತಲುಪುವುದು. ಅರ್ಧ ಮಿಲಿಮೀಟರ್ ಹೆಚ್ಚು ಉಜ್ಜಿದರೆ ನೋಡಬೇಕಾದದ್ದು ನೀರಿನ ಜೊತೆ ತೊಳೆದುಹೋಗಿರುತ್ತದೆ. ಅದಕ್ಕೇ ಪ್ರತಿ ಹಂತದಲ್ಲೂ ನಿಲ್ಲಿಸಿ ಫೋಟೋ ತೆಗೆಯಬೇಕು, ಮತ್ತು ಎಪಾಕ್ಸಿ ಬಿಲ್ಲೆಯ ಬೆನ್ನಿಗೆ ಕೇಬಲ್ಲಿನ ಸೀರಿಯಲ್ ನಂಬರ್, ಯಾವ ತುದಿ, ಯಾವ ಲೇನ್ ಎಂದು ಉಜ್ಜುವ ಮೊದಲೇ ಕೆತ್ತಿಡಬೇಕು.